ಕಾರ್ಮಿಕನ ಅಜಾಗರೂಕತೆ

ನಾನು ಓದಿದ್ದು ಮಕ್ಕಳಿಗೆ ಪಾಠ ಹೇಳುವುದಕ್ಕೆ. ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟು ಹಿಡಿದು ಮೂರು ವರ್ಷ ಕಾದರೂ ಯಾವ ಶಾಲೆಯೂ ಬಾ ಎನ್ನಲಿಲ್ಲ. ಕೊನೆಗೆ ಪರಿಚಯದವರೊಬ್ಬರು ಕಟ್ಟಡ ಕಟ್ಟುವ ಕಂಪನಿಯೊಂದಕ್ಕೆ ಟೈಪಿಸ್ಟ್ ಬೇಕಂತೆ ಎಂದರು. ಸುಮ್ಮನೆ ಮನೆಯಲ್ಲಿ ಕೂತಿರುವುದಕ್ಕಿಂತ ಮೇಲು ಎಂದು ಹೋದೆ. ಆರು ತಿಂಗಳ ಮಟ್ಟಿಗೆ ಅಷ್ಟೇ ಎಂದು ತಂಗಿಗೆ ಹೇಳಿದ್ದೆ. ಈಗ ಇಪ್ಪತ್ತನಾಲ್ಕು ವರ್ಷವಾಯಿತು. ಆ ಆರು ತಿಂಗಳು ಇನ್ನೂ ಮುಗಿದಿಲ್ಲವಾ ಅಂತ ಅವಳು ಆಗಾಗ ಕೇಳುತ್ತಾಳೆ.

ಆಗ ಮುಖ್ಯ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಕಟ್ಟಡದ ಕೆಲಸ ನಡೆಯುವ ಜಾಗದ ನಮ್ಮ ತಗಡಿನ ಶೆಡ್ಡಿಗೆ ಬಂದಿರಲಿಲ್ಲ. ಅಲ್ಲಿ ಒಂದು ಹಳೆಯ ಟೈಪ್‌ರೈಟರ್, ಒಂದು ಬೀರು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ನಕ್ಷೆಗಳು, ಸೈಟ್ ಇಂಜಿನಿಯರ್ ಸಾಹೇಬರ ಮೇಜು, ನನ್ನ ಮೇಜು. ಬೆಳಿಗ್ಗೆ ಬಂದ ಕೂಡಲೇ ಟೈಪ್‌ರೈಟರಿನ ಮೇಲಿನ ಬಟ್ಟೆ ತೆಗೆದು ಹೊರಗೆ ಕೊಡವಿದರೆ ಒಂದು ಹಿಡಿ ಸಿಮೆಂಟ್ ಪುಡಿ ಉದುರುತ್ತಿತ್ತು. ಕಿಟಕಿಯ ಆಚೆ ಮಿಕ್ಸರ್ ಗಡಗಡ ತಿರುಗುತ್ತಿತ್ತು. ಅದು ನಿಂತರೆ ಮಾತ್ರ ನಾವು ತಲೆ ಎತ್ತಿ ನೋಡುತ್ತಿದ್ದೆವು.

ಆ ಕಿಟಕಿಗೆ ದಿನಕ್ಕೆ ನಾಲ್ಕು ಸಲ ಬಂದು ಮಾತಾಡಿಸಿ ಹೋಗುತ್ತಿದ್ದವನು ಗಿಳಿ. ಕಂಬಿ ಕಟ್ಟುವ ತಂಡದ ಮೇಸ್ತ್ರಿ. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾದ್ದರಿಂದ ಆ ಹೆಸರು. ನನಗಿಂತ ಒಂದು ವರ್ಷಕ್ಕೆ ದೊಡ್ಡವನಿರಬೇಕು. ಮದುವೆಯಾಗಿ ಮೂರು ವರ್ಷದ ಮಗಳಿದ್ದಳು. ಅವಳು ಹೊಸದಾಗಿ ಕಲಿತ ಒಂದೊಂದು ಮಾತನ್ನೂ ನನಗೆ ಬಂದು ಒಪ್ಪಿಸುತ್ತಿದ್ದ. “ಟೈಪಿಸ್ಟಮ್ಮಾ, ನಿನ್ನೆ ನನ್ನ ಮಗಳು ನನಗೇ ‘ಸುಮ್ನಿರಪ್ಪಾ, ತಲೆ ತಿನ್ಬೇಡ’ ಅಂದ್ಳು. ಅವರಮ್ಮ ಹೇಳ್ಕೊಟ್ಟಿರ್ಬೇಕು” ಎಂದು ತಾನೇ ನಗುತ್ತಿದ್ದ.

ನಾನು ಸೇರಿದ ಮೂರನೇ ವರ್ಷ, ಒಂದು ಮಂಗಳವಾರ, ನಗದೆ ಬಂದು ಕಿಟಕಿಯ ಹತ್ತಿರ ನಿಂತ.

“ಟೈಪಿಸ್ಟಮ್ಮಾ, ಒಂದು ಉಪಕಾರ ಆಗ್ಬೇಕು. ಆರನೇ ಮಹಡಿ ಲಿಫ್ಟ್‌ಗೆ ಅಂತ ಬಿಟ್ಟಿರೋ ಗುಂಡಿ ಮೇಲೆ ಮುಚ್ಚಿದ್ದ ಹಲಗೆನೆಲ್ಲ ಸ್ಲ್ಯಾಬಿಗೆ ಅಚ್ಚು ಕಟ್ಟೋ ಸೆಂಟ್ರಿಂಗ್‌ನವರು ಎತ್ಕೊಂಡು ಹೋಗಿದಾರೆ. ನಾವು ಕಂಬಿ ಹೊತ್ಕೊಂಡು ಅದರ ಪಕ್ಕದಲ್ಲೇ ಓಡಾಡ್ಬೇಕು. ಸಾಹೇಬ್ರಿಗೆ ಎರಡು ಸಲ ಹೇಳ್ದೆ. ಹ್ಞೂ ಹ್ಞೂ ಅಂತಾರೆ ಅಷ್ಟೇ. ಬಾಯಲ್ಲಿ ಹೇಳಿದ್ದು ಅವರ ಕಿವಿಗೆ ಹೋಗಲ್ಲ. ಕಾಗದ ಆದ್ರೆ ಕಣ್ಣಿಗಾದ್ರೂ ಬೀಳುತ್ತೆ.”

ಕೈಯಲ್ಲಿ ಬೇರೆ ಕೆಲಸವಿತ್ತು. ಬೇಗ ಮುಗಿಸೋಣವೆಂದು ಅರ್ಧ ಹಾಳೆ ಹರಿದು, ನಕಲಿಗೆ ಕಾರ್ಬನ್ ಇಡದೆ, ನಾಲ್ಕು ಸಾಲು ಟೈಪ್ ಮಾಡಿದೆ. ಅವನು ಕಿಟಕಿಯ ಚೌಕಟ್ಟಿನ ಮೇಲೆ ಕಾಗದವಿಟ್ಟು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ನಾನು ಅದನ್ನು ಸಾಹೇಬರ ಕೈಗೇ ಕೊಟ್ಟೆ. ಅವರು ಓದಿದರು. “ಶುಕ್ರವಾರ ಮೇಲಿನ ಸ್ಲ್ಯಾಬ್ ಹಾಕೋದು ಮುಗೀಲಿ. ಆಮೇಲೆ ಹಲಗೆ ಎಷ್ಟು ಬೇಕಾದ್ರೂ ಸಿಗುತ್ತೆ” ಎಂದು ಚೀಟಿಯನ್ನು ಫೈಲಿನ ಕೆಳಗೆ ಸರಿಸಿದರು.

ಸಂಜೆ ಗಿಳಿ ಬಂದು ಏನಾಯ್ತು ಎಂದು ಕೇಳಿದ. “ಕೊಟ್ಟಿದೀನಿ, ನೋಡಿದಾರೆ” ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶುಕ್ರವಾರದವರೆಗೆ ಏನೂ ಆಗುವುದಿಲ್ಲ ಎನ್ನುವುದನ್ನು ಹೇಳಲಿಲ್ಲ. ಅವನು “ನಿಮ್ಮ ಕೈ ತಣ್ಣಗಿರ್ಲಿ” ಎಂದು ಹೇಳಿ ಹೋದ.

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಮಿಕ್ಸರ್ ನಿಂತಿತು. ನಾನು ತಲೆ ಎತ್ತಿದೆ. ಜನ ಓಡುತ್ತಿದ್ದರು. ಆರನೇ ಮಹಡಿಯಿಂದ ಬಿದ್ದಿದ್ದ ಗಿಳಿ ಮೂರನೇ ಮಹಡಿಯಲ್ಲಿ ಗುಂಡಿಗೆ ಅಡ್ಡವಾಗಿ ಕಟ್ಟಿದ್ದ ಮರದ ತೊಲೆಗಳ ಮೇಲೆ ಸಿಕ್ಕಿದ್ದ. ಬಾಗಿಲಿನ ಹಲಗೆಯೊಂದರ ಮೇಲೆ ಮಲಗಿಸಿ ಎಂಟು ಜನ ಹೊತ್ತು ತಂದರು. ಅವರ ನಡುವೆ ನನಗೆ ಕಂಡದ್ದು ಅವನ ಪಾದಗಳು ಮಾತ್ರ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು.

ಗಾಡಿ ಆಸ್ಪತ್ರೆಗೆ ಹೋದ ಮೇಲೆ ಸಾಹೇಬರು ಶೆಡ್ಡಿಗೆ ಬಂದು ಬಾಗಿಲು ಹಾಕಿಕೊಂಡರು. ನೀರು ಕುಡಿಯಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ಅವರನ್ನು ರಾಕ್ಷಸ ಎಂದುಕೊಂಡರೆ ನನಗೆ ಅನುಕೂಲವಾಗುತ್ತಿತ್ತು. ಆದರೆ ಅವರು ಹಾಗಿರಲಿಲ್ಲ, ಹೆದರಿದ ಮನುಷ್ಯನಾಗಿದ್ದರು. ಫೈಲು ಎತ್ತಿ ಆ ಚೀಟಿಯನ್ನು ಹುಡುಕಿ ಮಡಚಿ ಜೇಬಿಗಿಟ್ಟುಕೊಂಡರು.

“ಇದರ ಕಾರ್ಬನ್ ಇದೆಯೇನಮ್ಮಾ?”

“ಇಲ್ಲ ಸಾರ್.”

“ಸರಿ. ರಿಪೋರ್ಟ್ ಬರ್ಕೋ. ಮೂರು ಪ್ರತಿ.”

ಅವರು ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ. ದಿನಾಂಕ, ವೇಳೆ, ಮಹಡಿ, ಹೆಸರು. ಕೊನೆಯ ಸಾಲು ಹೀಗಿತ್ತು: ಸದರಿ ಕಾರ್ಮಿಕನು ಎಚ್ಚರಿಕೆ ವಹಿಸದೆ ಗುಂಡಿಯ ಅಂಚಿನಲ್ಲಿ ನಡೆದಿದ್ದು, ಈ ಅವಘಡಕ್ಕೆ ಕಾರ್ಮಿಕನ ಅಜಾಗರೂಕತೆಯೇ ಕಾರಣವಾಗಿರುತ್ತದೆ.

ನನ್ನ ಬೆರಳು ನಿಂತವು.

“ಏನಾಯ್ತು?” ಎಂದರು.

“ರಿಬ್ಬನ್ ಸಿಕ್ಕಿಕೊಂಡಿದೆ ಸಾರ್” ಎಂದೆ. ರಿಬ್ಬನ್ ಸರಿಯಾಗಿಯೇ ಇತ್ತು. ಅದನ್ನು ಎರಡು ಸಲ ಬಿಚ್ಚಿ ಸುತ್ತಿದ ಹಾಗೆ ಮಾಡಿದೆ. ಆಮೇಲೆ ಆ ಸಾಲನ್ನು ಟೈಪ್ ಮಾಡಿದೆ. ಒಂದಕ್ಷರ ತಪ್ಪಾಗಲಿಲ್ಲ.

ಭಾನುವಾರ ಕೆಲಸದವರೆಲ್ಲ ಗುಂಪಾಗಿ ಆಸ್ಪತ್ರೆಗೆ ಹೊರಟರು. ನೀವೂ ಬನ್ನಿ ಎಂದರು. ತಂಗಿಗೆ ಜ್ವರ ಎಂದೆ. ತಂಗಿ ಆ ಹೊತ್ತಿನಲ್ಲಿ ಮನೆಯಲ್ಲಿ ಹಾಡು ಹೇಳಿಕೊಂಡು ಬಟ್ಟೆ ಒಗೆಯುತ್ತಿದ್ದಳು. ಹೋಗಿ ಬಂದವರು ಸುದ್ದಿ ತಂದರು. ಜೀವ ಉಳಿದಿದೆ, ಸೊಂಟದಿಂದ ಕೆಳಗೆ ಏನೂ ಇಲ್ಲ, ಇನ್ನು ಎದ್ದು ನಿಲ್ಲುವುದಿಲ್ಲ. ರಿಪೋರ್ಟಿನ ಆ ಸಾಲಿನಿಂದಾಗಿ ಕಂಪನಿಯಿಂದ ಅವರಿಗೆ ಸಿಕ್ಕಬೇಕಾದದ್ದೂ ಪೂರ್ತಿ ಸಿಕ್ಕಲಿಲ್ಲ ಎಂದು ಮುಂದೆ ತಿಳಿಯಿತು. ಕೆಲವು ತಿಂಗಳಲ್ಲಿ ಆ ಸಂಸಾರ ಊರ ಇನ್ನೊಂದು ಕಡೆಗೆ ಹೋಯಿತು. ನಾನು ವಿಳಾಸ ಕೇಳಲಿಲ್ಲ.

ಎಂಟು ತಿಂಗಳ ಮೇಲೆ ಕಂಪನಿಗೆ ದೊಡ್ಡದೊಂದು ಕಟ್ಟಡದ ಕೆಲಸ ಸಿಕ್ಕಿತು. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳಲು ಒಬ್ಬರು ಇರಲೇಬೇಕು ಎಂದು ಕಟ್ಟಿಸುವವರು ಷರತ್ತು ಹಾಕಿದ್ದರು. ಸಾಹೇಬರು ನನ್ನನ್ನು ಕರೆದರು.

“ನೀನೇ ನೋಡ್ಕೋ ಈ ಸೇಫ್ಟಿ ಕೆಲಸ. ಎಷ್ಟು ಹೆಲ್ಮೆಟ್ ಇದೆ, ಯಾರಿಗೆ ಕೊಟ್ವಿ, ಬರೆದಿಟ್ಕೊಂಡ್ರೆ ಆಯ್ತು. ಕಾಗದದ ಕೆಲಸ. ನಿನ್ನಷ್ಟು ನಂಬಿಕೆಯವರು ನಮ್ಮಲ್ಲಿ ಬೇರೆ ಯಾರಿದಾರೆ?”

ನಂಬಿಕೆ ಎಂದರೆ ಯಾವ ನಂಬಿಕೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಗಲಿ ಸಾರ್ ಎಂದೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ ಕೆಲಸದಿಂದಲೇ ನನ್ನ ಬದುಕು ನಡೆಯಿತು. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಹೇಳುವುದೆಲ್ಲ ನನ್ನ ಹೊಗಳಿಕೆಯ ಹಾಗೆ ಕೇಳಿಸೀತು.

ಹತ್ತು ದಿನದ ತರಬೇತಿಗೆ ಕಳಿಸಿದರು. ನಲವತ್ತು ಜನರಲ್ಲಿ ಹೆಂಗಸು ನಾನೊಬ್ಬಳೇ. ಕಲಿಸಲು ಬಂದವರು ಒಬ್ಬ ಮುದುಕರು. ಮೊದಲು ಕ್ರೇನ್ ನಡೆಸುತ್ತಿದ್ದವರು, ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಮೊದಲ ದಿನವೇ ಅವರು ಹೇಳಿದರು: “ಬಿದ್ದವನನ್ನ ಯಾಕೆ ಬಿದ್ದೆ ಅಂತ ಕೇಳ್ಬೇಡಿ. ಬಿದ್ದ ಜಾಗಕ್ಕೆ ಹೋಗಿ ನಿಂತ್ಕೊಂಡು ನೋಡಿ. ಅದೇ ಹೇಳುತ್ತೆ.” ಎರಡನೇ ದಿನ ಹಳೆಯ ರಿಪೋರ್ಟುಗಳ ಒಂದು ಕಟ್ಟು ತಂದು ಮೇಜಿನ ಮೇಲೆ ಹಾಕಿದರು. “ಇದರಲ್ಲಿ ಎಲ್ಲೆಲ್ಲಿ ಅಜಾಗರೂಕತೆ ಅಂತ ಬರೆದಿದೆಯೋ ಅಲ್ಲೆಲ್ಲ ಬರೆದವರಿಗೆ ಮುಚ್ಚಿಡೋಕೆ ಏನೋ ಇತ್ತು ಅಂತ ತಿಳ್ಕೊಳ್ಳಿ.” ಎಲ್ಲರೂ ನಕ್ಕರು. ಅಂದು ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯಲಿಲ್ಲ.

ಹೆಲ್ಮೆಟ್ ಎಣಿಸುವುದಕ್ಕೆಂದು ಹೋಗಿದ್ದವಳು ಬೇರೆಯೇ ಆಗಿ ಬಂದೆ. ನನಗೇ ಆಶ್ಚರ್ಯವಾಗುವಷ್ಟು ಆ ಕೆಲಸ ನನಗೆ ಒಗ್ಗಿತು. ಏಣಿ ಎಷ್ಟು ವಾಲಿದೆ, ಸಾರ್ವೆಯ ಯಾವ ಗಂಟು ಸಡಿಲವಾಗಿದೆ, ಯಾವ ವೈರಿನ ಸಿಪ್ಪೆ ಸುಲಿದಿದೆ, ಯಾವನು ರಾತ್ರಿ ನಿದ್ದೆ ಇಲ್ಲದೆ ಬಂದಿದ್ದಾನೆ, ನೋಡಿದ ಕೂಡಲೇ ಕಾಣಿಸುತ್ತಿತ್ತು. ಪಾಠ ಹೇಳಲು ಕಲಿತದ್ದೂ ಉಪಯೋಗಕ್ಕೆ ಬಂತು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷ ಹೇಳುತ್ತಿದ್ದೆ.

ಮೊದಲು ಯಾರು ಕೇಳುತ್ತಿದ್ದರು? ಒಂದು ಸಲ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ, ನೆಲದಲ್ಲಿ ಪೈಪಿಗೆಂದು ಬಿಟ್ಟ ಗುಂಡಿ ಬಾಯಿ ತೆರೆದುಕೊಂಡಿತ್ತು. ಮುಚ್ಚಿ ಎಂದೆ. “ಬೆರಳಲ್ಲಿ ಕೆಲಸ ಮಾಡೋರು ನಮ್ಮ ಕಾಲಿನ ವಿಷಯಕ್ಕೆ ಯಾಕೆ ಬರ್ತೀರಮ್ಮಾ?” ಎಂದ ಮೇಸ್ತ್ರಿ. ನಾನು ಹೋಗಿ ಆ ಗುಂಡಿಯ ಪಕ್ಕದಲ್ಲಿ ಕೂತುಬಿಟ್ಟೆ. ಕಾಂಕ್ರೀಟ್ ಗಾಡಿ ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಮುಕ್ಕಾಲು ಗಂಟೆ ಕೂತಿದ್ದೆ. ಕೊನೆಗೆ ಅವನು ಗೊಣಗುತ್ತ ಹಲಗೆ ತರಿಸಿದ. ಅಂದಿನಿಂದ ನನ್ನ ಹೆಸರು ಗುಂಡಿಯಕ್ಕ ಎಂದಾಯಿತು. ನೆಲದ ಗುಂಡಿ ಮುಚ್ಚಿಸುವವಳೂ ನಾನೇ, ಹೆಲ್ಮೆಟ್ಟಿನ ಪಟ್ಟಿಯ ಗುಂಡಿ ಹಾಕಿಸುವವಳೂ ನಾನೇ ಆದ್ದರಿಂದ ಹೆಸರು ಎರಡು ಕಡೆಗೂ ಹೊಂದಿತು. ನಾನು ಮೆಟ್ಟಿಲು ಹತ್ತುವುದು ಕಂಡರೆ ಮೇಲಿನಿಂದ ಯಾರೋ ಕೂಗುತ್ತಿದ್ದರು, “ಗುಂಡಿಯಕ್ಕ ಬಂದ್ರು, ಗುಂಡಿ ನೋಡ್ಕೊಳ್ರೋ!”

ಈ ಕೆಲಸದ ಎರಡನೇ ವರ್ಷ, ನಾನು ಹಿಂದೆ ಅರ್ಜಿ ಹಾಕಿದ್ದ ಶಾಲೆಯೊಂದರಿಂದ ಕಾಗದ ಬಂತು. ಕೆಲಸಕ್ಕೆ ಬಂದು ಸೇರಿ ಎಂದು. ತಂಗಿ ಕುಣಿದಾಡಿದಳು. ನಾನು ಎರಡು ದಿನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗಿ, ಆಗುವುದಿಲ್ಲ ಎಂದು ಉತ್ತರ ಬರೆದೆ.

“ನಿಂಗೇನು ತಲೆ ಕೆಟ್ಟಿದೆಯಾ? ಬಿಸಿಲು, ಧೂಳು, ಗಂಡಸರ ಬೈಗುಳ. ಅದರಲ್ಲಿ ಏನಿದೆ ಅಂತ?” ಎಂದಳು.

“ಅಲ್ಲಿ ನಾನು ಬೇಕು” ಎಂದೆ. ಪೂರ್ತಿ ಕಾರಣ ಅವಳಿಗೆ ಹೇಳಲಿಲ್ಲ. ಬೇರೆಯವರು ಬೀಳದ ಹಾಗೆ ನೋಡಿಕೊಂಡರೆ ಮೊದಲು ಬಿದ್ದವನ ಲೆಕ್ಕ ಹೇಗೋ ತೀರುತ್ತದೆ ಎಂದು ನಾನು ನಂಬಿದ್ದೆ.

ವರ್ಷಗಳು ಹೋದವು. ನಾನು ನೋಡಿಕೊಂಡ ಕಟ್ಟಡಗಳಲ್ಲಿ ಒಂದು ಜೀವವೂ ಹೋಗಲಿಲ್ಲ. ಕಂಪನಿಯವರು ಶಾಲು ಹೊದಿಸಿ ಫಲಕ ಕೊಟ್ಟರು. ಬೇರೆ ಕಂಪನಿಯವರೂ ಕರೆದು ಮಾತಾಡಿಸಿದರು. ಮನೆಯಲ್ಲಿ ತಂಗಿ, “ಇವಳ ಅಪ್ಪಣೆ ಇಲ್ಲದೆ ಸ್ಟೂಲು ಹತ್ತಿ ಡಬ್ಬ ಇಳಿಸೋ ಹಾಗಿಲ್ಲ” ಎಂದು ಬಂದವರ ಮುಂದೆ ಆಡಿಕೊಳ್ಳುತ್ತಿದ್ದಳು. ಎಲ್ಲರೂ ಹೊಗಳುವಾಗ ನಾನು ನೆಲ ನೋಡುತ್ತಿದ್ದೆ. ಎಷ್ಟು ವಿನಯ ಎನ್ನುತ್ತಿದ್ದರು. ಸಾಹೇಬರು ನಿವೃತ್ತರಾಗಿ ಕೆಲವು ವರ್ಷಕ್ಕೆ ತೀರಿಕೊಂಡರು. ಗಿಳಿಯನ್ನು ಬಿಟ್ಟರೆ ಆ ಚೀಟಿಯನ್ನು ಕಂಡವಳು ಇನ್ನು ನಾನೊಬ್ಬಳೇ ಎನ್ನಿಸಿತು. ಆ ದಿನ ಎದೆ ಸ್ವಲ್ಪ ಹಗುರವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಸುರಕ್ಷತಾ ಸಪ್ತಾಹ ಮಾಡಿದೆವು. ಕೆಲಸದಲ್ಲಿ ಪೆಟ್ಟು ತಿಂದವರದ್ದೇ ಒಂದು ಸಂಘವಿದೆ. ಅವರಲ್ಲೊಬ್ಬರನ್ನು ಕಳಿಸಿ, ನಮ್ಮವರಿಗೆ ನಾಲ್ಕು ಮಾತು ಹೇಳಲಿ ಎಂದು ಫೋನ್ ಮಾಡಿದ್ದೆ. ತುಂಬ ಚೆನ್ನಾಗಿ ಮಾತಾಡುವವರೊಬ್ಬರಿದ್ದಾರೆ, ಕಳಿಸುತ್ತೇವೆ ಎಂದರು.

ಕಟ್ಟಡದ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸಲೆಂದು ಬಿಟ್ಟ ಜಾಗದಲ್ಲಿ, ಇನ್ನೂರು ಜನ ಸಿಮೆಂಟ್ ಚೀಲ ಹಾಸಿಕೊಂಡು ಕೂತಿದ್ದರು. ಇಳಿಜಾರಿನಲ್ಲಿ ಒಂದು ವ್ಯಾನ್ ಇಳಿದು ಬಂತು. ಯುವತಿಯೊಬ್ಬಳು ಗಾಲಿಕುರ್ಚಿಯನ್ನು ಇಳಿಸಿದಳು. ಅದರಲ್ಲಿ ಕೂತಿದ್ದವರು ನುಣ್ಣಗೆ ಮುಖ ಕ್ಷೌರ ಮಾಡಿಕೊಂಡಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಮೈಕ್ ಕೈಗೆ ಬರುವ ಮುಂಚೆಯೇ ಮುಂದಿನ ಸಾಲಿನವರ ಜೊತೆ ಮಾತು ಶುರುಮಾಡಿದ್ದರು. ನಾನು ಕಂಬ ಹಿಡಿದುಕೊಂಡೆ.

ಗಿಳಿ ಚೆನ್ನಾಗಿಯೇ ಮಾತಾಡಿದರು. ನಗಿಸಿದರು. “ನನ್ನ ಕಾಲು ಎಷ್ಟು ಒಳ್ಳೇವು ನೋಡಿ, ಹತ್ತೊಂಬತ್ತು ವರ್ಷದಿಂದ ಒಂದು ಚಪ್ಪಲೀನೂ ಸವೆಸಿಲ್ಲ” ಎಂದರು. ಆಮೇಲೆ ದನಿ ತಗ್ಗಿಸಿದರು.

“ಯಾರನ್ನೂ ಬೈಯೋಕೆ ನಾನು ಬಂದಿಲ್ಲ ಕಣ್ರಪ್ಪಾ. ತಪ್ಪು ನಂದೇ. ಎಚ್ಚರಿಕೆ ವಹಿಸದೆ ಗುಂಡಿಯ ಅಂಚಿನಲ್ಲಿ ನಡೆದೆ. ಅವಘಡಕ್ಕೆ ಕಾರ್ಮಿಕನ ಅಜಾಗರೂಕತೆಯೇ ಕಾರಣ. ಆ ಕಾರ್ಮಿಕ ನಾನು. ಒಂದು ನಿಮಿಷ ಮೈಮರೆತೆ, ಬದುಕು ಪೂರ್ತಿ ಹೋಯ್ತು. ನೀವು ಹಾಗೆ ಮಾಡ್ಬೇಡಿ.”

ನಾನು ಬರೆದ ಪಾಠವನ್ನು ಅವರು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಚಹಾ ಕೊಡಲು ನಾನೇ ಹೋಗಬೇಕಾಯಿತು. ಲೋಟ ತೆಗೆದುಕೊಂಡವರು ನನ್ನ ಮುಖವನ್ನೇ ನೋಡಿದರು. ತಲೆ ನರೆತಿತ್ತು, ಕನ್ನಡಕ ಬಂದಿತ್ತು, ಮೇಲೆ ಹೆಲ್ಮೆಟ್ ಬೇರೆ. ಆದರೂ ಗುರುತು ಹಿಡಿದರು.

“ನೀವು ನಮ್ಮ ಟೈಪಿಸ್ಟಮ್ಮ ಅಲ್ವಾ? ಅಯ್ಯೋ, ಹೌದು! ಮಗಳೇ, ಬಾ ಇಲ್ಲಿ, ಇವರೇ ಕಣಮ್ಮ ನನ್ನ ರಿಪೋರ್ಟ್ ಟೈಪ್ ಮಾಡಿದೋರು. ಆ ಕಾಗದ ಇನ್ನೂ ಇಟ್ಕೊಂಡಿದೀನಿ ಅಮ್ಮಾ. ಏನು ಅಚ್ಚುಕಟ್ಟು! ತಲೆಗೆ ಪೆಟ್ಟು ಬಿದ್ದು ನಂಗೆ ಆ ಇಡೀ ತಿಂಗಳು ನೆನಪಿಲ್ಲ. ನೀವು ಬರೆದ ಕಾಗದ ಇಲ್ದಿದ್ರೆ ನಂಗೇನಾಯ್ತು ಅಂತ್ಲೇ ಗೊತ್ತಾಗ್ತಿರ್ಲಿಲ್ಲ.”

“ಸಕ್ಕರೆ ಸಾಕಾ?” ಎಂದು ಕೇಳಿದೆ. ಸಾಕು ಎಂದರು. ವ್ಯಾನ್ ಹತ್ತುವಾಗ ಕೈ ಬೀಸಿದರು. ನಾನೂ ಬೀಸಿದೆ.

ಆಗಲೇ, ಅಲ್ಲೇ ಹೇಳಬಹುದಿತ್ತು. ಇನ್ನೂರು ಜನ ಇನ್ನೂ ಕೂತೇ ಇದ್ದರು. ಹೇಳಲಿಲ್ಲ. ಹನ್ನೊಂದು ವಾರ ಹೇಳಲಿಲ್ಲ. ಒಂದು ಸಂಜೆ ತಂಗಿ ನನ್ನ ತಟ್ಟೆಯನ್ನು ಎಳೆದುಕೊಂಡು, “ಎರಡು ತಿಂಗಳಿಂದ ನೋಡ್ತಿದೀನಿ, ಗುಬ್ಬಿ ಹಾಗೆ ಕೆದಕ್ತೀಯ. ಏನು ಅಂತ ಹೇಳು, ಇಲ್ಲಾಂದ್ರೆ ನಾನೂ ಉಣ್ಣಲ್ಲ” ಎಂದಳು. ಅಂದು ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ತಟ್ಟೆಯನ್ನು ಮತ್ತೆ ನನ್ನ ಕಡೆ ಸರಿಸಿದಳು. ಆಮೇಲೆ, “ನಂಗೆ ಹೇಳಿ ಏನು ಬಂತು? ಯಾರಿಗೆ ಹೇಳ್ಬೇಕೋ ಅವರಿಗೆ ಹೋಗಿ ಹೇಳು. ಅವರು ಉಗಿದ್ರೆ ಒರೆಸ್ಕೊಂಡು ಬಾ” ಎಂದಳು.

ಸಂಘದವರಿಂದ ವಿಳಾಸ ತೆಗೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಹೋದೆ. ಉದ್ದನೆಯ ಓಣಿಯ ಕೊನೆಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ. ಬಾಗಿಲಿಗೆ ಗಾಲಿಕುರ್ಚಿ ಹತ್ತಿಸಲು ಸಿಮೆಂಟಿನ ಇಳಿಜಾರು ಮಾಡಿದ್ದರು. ತೀರ ಕಡಿದಾಗಿತ್ತು, ಕೈಹಿಡಿ ಇರಲಿಲ್ಲ. ಹಾಳು ಅಭ್ಯಾಸ, ಕಣ್ಣು ಮೊದಲು ಅಲ್ಲಿಗೇ ಹೋಯಿತು. ಒಳಗೆ ಮಂಚದ ಮೇಲೆ ಸೂರಿನಿಂದ ಒಂದು ಹಗ್ಗ ಇಳಿಬಿಟ್ಟಿದ್ದರು, ಅವರು ಅದನ್ನು ಹಿಡಿದು ಏಳುತ್ತಿದ್ದರು. ಹಗ್ಗದ ಒಂದು ಕಡೆ ಕೈಯ ಜಿಡ್ಡಿಗೆ ಕಪ್ಪಾಗಿ ಹೊಳೆಯುತ್ತಿತ್ತು. ಗೋಡೆಯ ಮೇಲೆ ಅವರ ಹೆಂಡತಿಯ ಫೋಟೋ. ಮಗಳು ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

“ಬನ್ನಿ ಬನ್ನಿ ಟೈಪಿಸ್ಟಮ್ಮಾ!” ಎಂದರು. “ಇವತ್ತೇನು ಇಷ್ಟು ದೂರ?”

ಕೂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ಮಂಗಳವಾರದ್ದು, ಚೀಟಿಯದ್ದು, ಸಾಹೇಬರ ಜೇಬಿನದ್ದು, ರಿಬ್ಬನ್ನಿನದ್ದು. ಹೊಲಿಗೆ ಯಂತ್ರ ನಿಂತಿತು.

ಅವರು ಕೇಳಿದರು, “ಆ ಚೀಟೀಲಿ ಏನಂತ ಇತ್ತು?”

ನಾಲ್ಕು ಸಾಲೂ ನನಗೆ ಬಾಯಿಗೆ ಬರುತ್ತಿತ್ತು. ಹೇಳಿದೆ.

“ನನ್ನ ಸಹಿ ಇತ್ತಾ?”

“ಇತ್ತು. ನನ್ನ ಮುಂದೇ ಹಾಕಿದ್ರಿ.”

ಅವರ ಮುಖ ಅರಳಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಮಗಳ ಕಡೆ ತಿರುಗಿ, “ಕೇಳಿಸ್ಕೊಂಡ್ಯಾ? ನಾನು ಹಲಗೆ ಕೇಳಿದ್ನಂತೆ. ಮೂರು ಸಲ ಕೇಳಿದ್ನಂತೆ. ಕಾಗದದಲ್ಲೂ ಕೇಳಿದ್ನಂತೆ!” ಎಂದರು. ಅವರ ನಗು ಹಾಗೆಯೇ ಇದ್ದು, ನಿಧಾನವಾಗಿ ಇಳಿಯಿತು. ಕಣ್ಣು ಗೋಡೆಯ ಫೋಟೋದ ಮೇಲೆ ನಿಂತಿತು.

“ದಿನಾ ನನ್ನನ್ನ ಎತ್ತಿ ಕೂರಿಸ್ವಾಗ ಒಂದೇ ಮಾತು ಹೇಳೋಳು. ನೋಡ್ಕೊಂಡು ಹೆಜ್ಜೆ ಇಡಬಾರ್ದಿತ್ತಾ ಅಂತ. ಬೈದು ಹೇಳ್ತಿರ್ಲಿಲ್ಲ. ಸುಸ್ತಾಗಿ ಹೇಳೋಳು. ನಾನೂ ಹೌದು ಕಣೇ ಅಂತಿದ್ದೆ. ಸಾಯೋವರೆಗೂ ಹಾಗೇ ತಿಳ್ಕೊಂಡಿದ್ಳು. ಅವಳು ಹೋಗಿ ಎರಡು ವರ್ಷ ಆಯ್ತು.” ನನ್ನ ಕಡೆ ತಿರುಗಿದರು. “ಎರಡು ವರ್ಷ ಮುಂಚೆ ಬರೋಕೆ ಆಗ್ತಿರ್ಲಿಲ್ವಾ ನಿಮಗೆ?”

ಆಗುತ್ತಿತ್ತು. ಯಾವ ದಿನ ಬೇಕಾದರೂ ಆಗುತ್ತಿತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ಅವರು ಮುಖವನ್ನು ಗೋಡೆಯ ಕಡೆ ಮಾಡಿ ಮಲಗಿದರು. ಮಗಳು ನನ್ನನ್ನು ಬಾಗಿಲವರೆಗೆ ಬಿಟ್ಟಳು. ಹೊರಗೆ ಬಂದು ಮೆಲ್ಲನೆ ಹೇಳಿದಳು:

“ನಾನು ನರ್ಸ್ ಆಗ್ಬೇಕು ಅಂದಿದ್ದೆ. ಸೀಟೂ ಸಿಕ್ಕಿತ್ತು. ಅಪ್ಪ ಬೇಡ ಅಂದ್ರು. ಜನರ ಪ್ರಾಣ ನೋಡ್ಕೊಳ್ಳೋ ಕೆಲಸ ನಮ್ಮಂಥೋರಿಗಲ್ಲ, ನೀನು ನನ್ನ ಮಗಳು, ನಿಂಗೂ ಮೈಮರೆವು ಇರುತ್ತೆ ಅಂದ್ರು. ರಸ್ತೆ ದಾಟೋಕೂ ಒಬ್ಬಳನ್ನೇ ಬಿಡ್ತಿರ್ಲಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. “ಹುಷಾರಾಗಿ ಹೋಗಿ” ಎಂದು ಬಾಗಿಲು ಹಾಕಿಕೊಂಡಳು.

ಮರುದಿನ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕಂಪನಿಗೆ ಕೊಟ್ಟೆ. ಹೊಸ ಮ್ಯಾನೇಜರ್ ಒಳ್ಳೆಯ ಮನುಷ್ಯ. ಎರಡು ಸಲ ಓದಿ, “ಈಗ ಇದನ್ನ ಯಾಕೆ ಮೇಡಂ ಕೆದಕ್ತೀರಿ? ಸಾಹೇಬ್ರು ಹೋಗಿಬಿಟ್ರು, ಚೀಟಿ ಇಲ್ಲ, ಸಾಕ್ಷಿ ನೀವೊಬ್ಬರೇ. ನಿಮ್ಮ ಹೆಸರೇ ಕೆಡುತ್ತೆ” ಎಂದರು. ಕೆಡಲಿ ಎಂದೆ. ಅವರು ಮೇಲಿನವರಿಗೆ ಕಳಿಸಿದರು. ಎರಡು ತಿಂಗಳಿಗೆ ಉತ್ತರ ಬಂತು, ವಿಷಯ ಬಹಳ ಹಳೆಯದಾದ್ದರಿಂದ ಈಗ ಏನೂ ಮಾಡಲಾಗುವುದಿಲ್ಲ ಎಂದು. ನನ್ನ ಮೇಲೆ ಸಿಟ್ಟು ಮಾಡಲೂ ಯಾರಿಗೂ ಪುರಸೊತ್ತಿರಲಿಲ್ಲ. ನಾನು ಬರೆದದ್ದರ ಒಂದು ಪ್ರತಿಯನ್ನು ಗಿಳಿಯವರ ಮನೆಗೆ ಕಳಿಸಿದೆ.

ಬೆಳಗಿನ ಹತ್ತು ನಿಮಿಷದಲ್ಲಿ ನಮ್ಮ ಕೆಲಸಗಾರರಿಗೂ ಹೇಳಿದೆ. ಅಂದು ನಿಮ್ಮ ಮುಂದೆ ಅವರು ಹೇಳಿದ್ದು ಸುಳ್ಳು, ಆ ಸುಳ್ಳನ್ನು ಅವರ ಬಾಯಿಗೆ ಹಾಕಿದವಳು ನಾನು ಎಂದೆ. ಇಟ್ಟಿಗೆ ಹೊರುವ ಹೆಂಗಸೊಬ್ಬಳು ಹಿಂದಿನಿಂದ ಕೇಳಿದಳು:

“ಆಗ ನೀವು ಬರೆಯಲ್ಲ ಅಂದಿದ್ರೆ ನಿಮ್ಮ ಕೆಲಸ ಹೋಗ್ತಿತ್ತಾ ಅಕ್ಕಾ?”

“ಹೋಗ್ತಿತ್ತೇನೋ. ಗೊತ್ತಿಲ್ಲ. ಬರೆಯಲ್ಲ ಅಂದು ನೋಡ್ಲೇ ಇಲ್ಲ” ಎಂದೆ. ಅವಳು ತಲೆಯಾಡಿಸಿದಳು. ಎಲ್ಲರೂ ಎದ್ದು ಕೆಲಸಕ್ಕೆ ಹೋದರು.

ನಾನು ಯೋಚಿಸಿರದ ಇನ್ನೊಂದು ಸಂಗತಿ ಆಯಿತು. ಗಿಳಿ ಭಾಷಣಕ್ಕೆ ಹೋಗುವುದನ್ನು ಬಿಟ್ಟುಬಿಟ್ಟರು. ಮೊದಲು ತಿಂಗಳಿಗೆ ಎರಡು ಸಲ ಸಂಘದ ವ್ಯಾನ್ ಬರುತ್ತಿತ್ತು. ಹಿಂದಿನ ದಿನವೇ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದರಂತೆ, ಹೊಸ ಹೊಸ ತಮಾಷೆ ಯೋಚಿಸಿ ಮಗಳ ಮೇಲೆ ಪ್ರಯೋಗ ಮಾಡುತ್ತಿದ್ದರಂತೆ. ಈಗ ಸಂಘದವರು ಕರೆದರೆ, “ಹೋಗಿ ಏನು ಹೇಳ್ಲಿ?” ಎನ್ನುತ್ತಾರಂತೆ. ಸುಳ್ಳಾದರೂ ಅದು ಅವರದ್ದೊಂದು ಕತೆಯಾಗಿತ್ತು, ನಾಲ್ಕು ಜನಕ್ಕೆ ಬೇಕಾದವರು ಅನ್ನಿಸುತ್ತಿತ್ತು. ಕಾಲಿನ ಜೊತೆ ಅದನ್ನೂ ಕಿತ್ತುಕೊಂಡ ಹಾಗಾಯಿತು. ಮಗಳು ನರ್ಸಿಂಗ್ ಶಾಲೆಗೆ ಹೋಗಿ ವಿಚಾರಿಸಿದಳು. ಆಗ ಸಿಕ್ಕಿದ್ದ ಸರ್ಕಾರಿ ಸೀಟು ಇನ್ನು ಸಿಗುವುದಿಲ್ಲ, ದೊಡ್ಡ ಮೊತ್ತ ಕಟ್ಟಿದರೆ ಮಾತ್ರ ಎಂದರು. ಅದನ್ನು ಅವಳು ಫೋನಿನಲ್ಲಿ ಹವಾಮಾನ ಹೇಳುವವರ ಹಾಗೆ ಹೇಳಿದಳು.

ತಿಂಗಳಿಗೊಂದು ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ. ಮೊದಲ ಎರಡು ಸಲ ಬಾಗಿಲು ತೆರೆಯಲಿಲ್ಲ. ಮೂರನೇ ಸಲ ಮಗಳು ತೆರೆದಳು. ಬಾಗಿಲ ಇಳಿಜಾರನ್ನು ಒಡೆಸಿ ಸರಿಯಾಗಿ ಕಟ್ಟಿಸಿಕೊಡುತ್ತೇನೆ ಎಂದೆ. “ಬೇಡ, ಇದೇ ಅಭ್ಯಾಸ ಆಗಿದೆ” ಎಂದರು ಅವರು. ಅಷ್ಟು ಮಾತಾಡುತ್ತಿದ್ದ ಮನುಷ್ಯ ನನ್ನ ಮುಂದೆ ಹತ್ತು ಮಾತು ಆಡಿದರೆ ಹೆಚ್ಚು. ನಾನು ಕುರ್ಚಿಯ ಮೇಲೆ ಕೂರುತ್ತೇನೆ. ಅವರು ಕೆಲವು ಸಲ ಆ ಕಟ್ಟಡದ ಬಗ್ಗೆ ಕೇಳುತ್ತಾರೆ. ತಾನು ಬೀಳುವುದಕ್ಕೆ ಮುಂಚಿನ ತಿಂಗಳು ಏನೇನು ನಡೆದಿತ್ತು, ಯಾರು ಯಾರಿದ್ದರು, ತಾನು ಏನೇನು ಮಾತಾಡುತ್ತಿದ್ದೆ ಎಂದು. ಅವರಿಗೆ ನೆನಪಿಲ್ಲದ ದಿನಗಳನ್ನು ನಾನು ನನಗೆ ನೆನಪಿರುವಷ್ಟು ಹೇಳುತ್ತೇನೆ. ಮಗಳು ತಲೆ ತಿನ್ನಬೇಡ ಎಂದಿದ್ದನ್ನು ಹೇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಹೋದ ತಿಂಗಳು ಹೊರಡುವಾಗ ಧೈರ್ಯ ಮಾಡಿ ಕೇಳಿದೆ. ನನ್ನನ್ನು ಕ್ಷಮಿಸಲು ಆಗುತ್ತದೆಯೇ ಎಂದು.

ಅವರು ಹಗ್ಗ ಹಿಡಿದು ಎದ್ದು ಕೂತರು. ಉಸಿರು ಸಮವಾಗುವವರೆಗೆ ಕಾದರು.

“ಅದನ್ನ ಕೇಳ್ಬೇಡಿ ಟೈಪಿಸ್ಟಮ್ಮಾ. ಆಯ್ತು ಅಂದುಬಿಟ್ರೆ ನೀವು ಬರೋದು ನಿಲ್ಲಿಸ್ತೀರಿ. ಆ ದಿನಗಳದ್ದೆಲ್ಲ ಗೊತ್ತಿರೋರು ನೀವೊಬ್ಬರೇ.”

ನಾನು ಚೀಲ ತೆಗೆದುಕೊಂಡೆ. ಮುಂದಿನ ತಿಂಗಳು ಎರಡನೇ ಭಾನುವಾರ ಬರುತ್ತೇನೆ ಎಂದೆ. ಸ್ವಲ್ಪ ಬೇಗ ಬನ್ನಿ, ಮಧ್ಯಾಹ್ನವಾದರೆ ನನಗೆ ನಿದ್ದೆ ಬರುತ್ತದೆ ಎಂದರು.